ಅಪ್ಪನಿಗಿಲ್ಲದ ಪಾಲುದಾರ

ವರ್ಷಕ್ಕೆ ಮೂರು ಸಲ ಲಾಂಡ್ರಿ ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು ಬಿಸಿನೆಸ್ ಸ್ಕೂಲಿಗೆ ಹೋಗುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೂತು, ತಾನು ಏನು ಮಾಡಬೇಕಾಗಿತ್ತು ಎಂದು ಬೇರೆಯವರು ವಾದ ಮಾಡುವುದನ್ನು ಕೇಳಿಸಿಕೊಂಡು ಮನೆಗೆ ಬರುತ್ತಿದ್ದಳು. ಬಂದವಳೇ ಚಪ್ಪಲಿ ಬಿಟ್ಟು ಬಾಯ್ಲರಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು, "ಒಗೆದ ಬಟ್ಟೇನೇ ಮತ್ತೆ ಮತ್ತೆ ಒಗೀತಾರೆ ನೋಡಿ, ಬಣ್ಣ ಹೋದ್ರೂ ಬಿಡಲ್ಲ" ಎನ್ನುತ್ತಿದ್ದಳು.

ಊರಿನಲ್ಲಿ ಆ ಸ್ಕೂಲಿಗೆ ದೊಡ್ಡ ಹೆಸರು. ಅಲ್ಲಿ ಸೀಟು ಸಿಕ್ಕಿತೆಂದರೆ ಅಪ್ಪ ಅಮ್ಮಂದಿರು ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ. ಕೆಂಪು ಇಟ್ಟಿಗೆಯ ಕಟ್ಟಡಗಳು, ನಡುವೆ ಹುಲ್ಲುಹಾಸು, ಗೇಟಿನಲ್ಲಿ ಇಬ್ಬರು ಕಾವಲಿನವರು. ಆದರೆ ಅಕ್ಕನ ಅಪ್ಪ ಮೊದಲ ಸಲ ಅಲ್ಲಿಂದ ಬಟ್ಟೆ ತಂದಾಗ ಅದು ವರ್ತಕರ ಸಂಘದ ಮಹಡಿಯ ಮೇಲಿನ ಎರಡು ಕೋಣೆ ಅಷ್ಟೇ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಒಬ್ಬರು ಸೇರಿ ಅಂಗಡಿ ಗುಮಾಸ್ತರಿಗೆ ಸಂಜೆಯ ಪಾಠ ಶುರು ಮಾಡಿದ್ದರು. ಲೆಕ್ಕ ಬರೆಯುವುದು ಹೇಗೆ, ವ್ಯಾಪಾರದ ಪತ್ರ ಬರೆಯುವುದು ಹೇಗೆ, ಸರಕಿಗೆ ಬೆಲೆ ಕಟ್ಟುವುದು ಹೇಗೆ. ಅಲ್ಲಿಂದ ಬರುತ್ತಿದ್ದುದು ಒಂದು ಉದ್ದನೆಯ ಮೇಜುಬಟ್ಟೆ, ಕಿಟಕಿ ಪರದೆಗಳು, ಸೀಮೆಸುಣ್ಣದ ಧೂಳು ಹಿಡಿದ ಒರೆಸುವ ಬಟ್ಟೆಗಳು. "ಆಗ ಇಡೀ ಸ್ಕೂಲು ನನ್ನ ಸೈಕಲ್ ಹ್ಯಾಂಡಲ್ಲಿಗೆ ತೂಗುಹಾಕುವಷ್ಟಿತ್ತು" ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ.

ಆಮೇಲೆ ಗಿರಣಿಯ ಯಜಮಾನರೊಬ್ಬರು ಊರಾಚೆ ಜಾಗ ಕೊಟ್ಟರು. ಎರಡು ವರ್ಷದ ಪೂರ್ತಿ ಕೋರ್ಸು ಶುರುವಾಯಿತು, ಹಾಸ್ಟೆಲ್ಲು ಎದ್ದಿತು. ಲಾಂಡ್ರಿಗೆ ಬೆಡ್‌ಶೀಟು, ದಿಂಬಿನ ಚೀಲ ಬರತೊಡಗಿದವು. ದೊಡ್ಡ ಕಂಪನಿಗಳ ಅಧಿಕಾರಿಗಳು ವಾರದ ಮಟ್ಟಿಗೆ ಬಂದು ಕಲಿತು ಹೋಗುವ ಕೋರ್ಸು ಶುರುವಾದಾಗ ಅತಿಥಿಗೃಹ ಬಂತು, ಅದರ ಜೊತೆಗೆ ದಪ್ಪ ಬಿಳಿ ಟವೆಲ್ಲು. ಕೆಲಸದಲ್ಲಿರುವವರು ಕೆಲಸ ಬಿಡದೆ ಓದಲಿ ಎಂದು ಸಂಜೆಯ ಕೋರ್ಸನ್ನು ಮತ್ತೆ ಎಬ್ಬಿಸಿದರು, ಈಗ ಅದಕ್ಕೂ ಡಿಗ್ರಿ ಉಂಟು. ಕೊನೆಗೆ ಸಂಶೋಧನೆಯ ವಿದ್ಯಾರ್ಥಿಗಳು ಬಂದರು. ಅವರು ಎಲ್ಲರಿಗಿಂತ ಹೆಚ್ಚು ದಿನ ಇರುವವರು. ಅವರ ಶೀಟುಗಳು ಅವರ ತಾಳ್ಮೆಯ ಹಾಗೆಯೇ ಸವೆದು ತೆಳ್ಳಗಾಗುತ್ತವೆ. ಎಲ್ಲ ಪರದೆಗಳೂ ಒಟ್ಟಿಗೆ ಒಗೆಯಲು ಬಂದರೆ ಹೊರದೇಶದ ಯಾರೋ ಸ್ಕೂಲಿಗೆ ಅಂಕ ಹಾಕಲು ಬರುತ್ತಿದ್ದಾರೆ ಎಂದರ್ಥ.

ಅಪ್ಪನ ನಂತರ ಲಾಂಡ್ರಿ ಅಣ್ಣ ತಂಗಿಯರ ಕೈಗೆ ಬಂತು. ತಂಗಿ, ಎಂದರೆ ಊರಿಗೆಲ್ಲ ಲಾಂಡ್ರಿ ಅಕ್ಕ, ಹಿಂದುಗಡೆ ಬಾಯ್ಲರು, ಒಗೆಯುವ ಯಂತ್ರ, ಆಳುಗಳು, ಸ್ಕೂಲಿನ ಬಟ್ಟೆ ಎಲ್ಲ ನೋಡಿಕೊಂಡಳು. ಬೆಳಿಗ್ಗೆ ಬಾಯ್ಲರು ಹಚ್ಚುವ ಮೊದಲು ಒಂದು ಕ್ಷಣ ಕಣ್ಣುಮುಚ್ಚಿ ದೇವರನ್ನು ನೆನೆಯುವಳು. ದಿನದಲ್ಲಿ ಅವಳು ಸುಮ್ಮನೆ ನಿಲ್ಲುತ್ತಿದ್ದುದು ಅದೊಂದೇ ಹೊತ್ತು. ಅಣ್ಣ ಬೀದಿಯ ಕಡೆಗಿದ್ದ ಕೌಂಟರಿನಲ್ಲಿ ನಿಂತ. ಅಲ್ಲಿಗೆ ಬರುತ್ತಿದ್ದವರು ಒಂದು ಶರಟು, ಒಂದು ಕೋಟು ತರುವ ಬೀದಿಯ ಜನ. ಬಟ್ಟೆಯಲ್ಲಿ ಗುಂಡಿ ಬಿದ್ದುಹೋಗಿದ್ದರೆ ಅಣ್ಣ ಅದನ್ನು ನೋಡಿಯೂ ಬಿಡುವವನಲ್ಲ. ಡಬ್ಬಿ ತೆಗೆದು, ಹೊಂದುವ ಗುಂಡಿ ಹುಡುಕಿ, ಹೊಲಿದು ಕೊಡುವನು. ಅದಕ್ಕೆ ದುಡ್ಡಿಲ್ಲ. ಹೊಲಿಯುವಷ್ಟು ಹೊತ್ತು ಎದುರಿನವರು ತಮ್ಮ ಮನೆಯ ಕಥೆ ಹೇಳಬೇಕು, ಇವನು ಕೇಳಬೇಕು. ಹಾಗಾಗಿ ಅವನಿಗೆ ಬೀದಿಯಲ್ಲಿ ಗುಂಡಿಯಣ್ಣ ಎಂದೇ ಹೆಸರು.

"ಊರಿನ ಸುದ್ದಿಯೆಲ್ಲ ಇವರ ಹತ್ರ ಇದೆ, ಮನೇಲಿ ಉಪ್ಪು ಮುಗಿದಿರೋ ಸುದ್ದಿ ಮಾತ್ರ ಇಲ್ಲ" ಎಂದು ಅತ್ತಿಗೆ ಮೂದಲಿಸುತ್ತಿದ್ದಳು.

ಒಂದು ವರ್ಷ ಸ್ಕೂಲು, ತನ್ನ ಎಲ್ಲ ಬಟ್ಟೆಯನ್ನೂ ಒಬ್ಬರಿಗೇ ಒಪ್ಪಿಸುತ್ತೇವೆ ಎಂದಿತು. ಹಾಸ್ಟೆಲ್ಲು, ಅತಿಥಿಗೃಹ, ಊಟದ ಮನೆ, ಎಲ್ಲ. ಬೇಕಿದ್ದರೆ ದೊಡ್ಡ ರೋಲರ್ ಇಸ್ತ್ರಿಯಂತ್ರ ಹಾಕಿಸಿಕೊಳ್ಳಿ, ಇಲ್ಲವೇ ಬೇರೆಯವರಿಗೆ ಕೊಡುತ್ತೇವೆ, ಸೋಮವಾರದೊಳಗೆ ತಿಳಿಸಿ. ಆ ಯಂತ್ರ ಇಡಲು ಇದ್ದ ಜಾಗ ಒಂದೇ, ಬೀದಿಯ ಕೌಂಟರು. ಕೌಂಟರು ಮುಚ್ಚಿದರೆ ಅಣ್ಣನಿಗೆ ನಿಲ್ಲಲು ಜಾಗವಿಲ್ಲ. ಸ್ಕೂಲಿನ ಬಟ್ಟೆ ಬಿಟ್ಟರೆ ಹಿಂದೆ ಕೆಲಸ ಮಾಡುವ ಹೆಂಗಸರಿಗೆಲ್ಲ ಕೆಲಸವಿಲ್ಲ.

ಆ ವಾರ ಅಣ್ಣ ಅತ್ತಿಗೆಯ ತವರಿಗೆ ಹೋಗಿದ್ದ. ತಂಗಿ ಯಂತ್ರ ತರಿಸಿದಳು. ಅಣ್ಣ ಊರಿನಿಂದ ಬಂದು ಬಾಗಿಲಲ್ಲಿ ನಿಂತಾಗ ಕೌಂಟರಿನ ಹಲಗೆ ಗೋಡೆಗೆ ಒರಗಿತ್ತು. ಅವನು ಕೈಯಲ್ಲಿದ್ದ ಚೀಲ ಕೆಳಗಿಟ್ಟ.

"ನಾನೆಲ್ಲಿ ನಿಲ್ಲಲಿ?" ಎಂದ.

"ಹಿಂದುಗಡೆ, ಮಡಚೋ ಮೇಜಿನ ಹತ್ರ."

ಅವನು ಹೋಗಿ ನಿಂತ. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ.

ಸ್ಕೂಲಿನಲ್ಲಿ ಕಲಿಸುವ ಪದ್ಧತಿಯೇ ಬೇರೆ. ಅಲ್ಲಿ ಮೇಷ್ಟ್ರು ಪಾಠ ಹೇಳುವುದು ಕಡಿಮೆ. ನಿಜವಾಗಿ ನಡೆದ ಒಂದು ವ್ಯಾಪಾರದ ಕಥೆಯನ್ನು ಬರೆದು ಮೊದಲೇ ಕೊಟ್ಟಿರುತ್ತಾರೆ. ಯಜಮಾನರು ಏನೋ ಒಂದು ನಿರ್ಧಾರ ಮಾಡಬೇಕು ಎನ್ನುವಲ್ಲಿ ಆ ಕಥೆ ನಿಂತುಬಿಡುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ತರಗತಿ ಜಗಳವಾಡಬೇಕು. ಇದಕ್ಕೆ ಅವರು ಕೇಸು ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಎರಡನೆಯ ಭಾಗ ಎಂದು ಒಂದೇ ಹಾಳೆ ಹಂಚುತ್ತಾರೆ. ನಿಜವಾಗಿ ಏನಾಯಿತು ಎನ್ನುವುದು ಅದರಲ್ಲಿರುತ್ತದೆ.

ಸ್ಕೂಲಿನ ಮೇಷ್ಟ್ರೊಬ್ಬರಿಗೆ ಲಾಂಡ್ರಿಯ ಕಥೆ ಕಿವಿಗೆ ಬಿತ್ತು. ಅವರು ಬಂದು, ಅಣ್ಣನ ಮೇಜಿಗೆ ಮಾತು ಕೇಳಿಸದ ಗದ್ದಲದಲ್ಲಿ, ಬಾಯ್ಲರಿನ ಪಕ್ಕದಲ್ಲಿ ಬೆವರುತ್ತಾ ಕೂತು ಅಕ್ಕನನ್ನು ಕೇಳಿ ಕೇಳಿ ಬರೆದುಕೊಂಡರು. ಒಳ್ಳೆಯ ಮನುಷ್ಯ. "ಒಡಹುಟ್ಟಿದವರ ವಿಷಯ, ಹಾಗೇ ಬರೆಯೋದು ಚೆನ್ನಾಗಿರಲ್ಲ ತಾಯಿ" ಎಂದು ಅಣ್ಣನನ್ನು ಅಪ್ಪನ ಕಾಲದ ಹಳೆಯ ಪಾಲುದಾರ ಎಂದು ಮಾಡಿದರು. ಅಕ್ಕನಿಗೂ ಅದು ಸರಿ ಎನಿಸಿತು. ಪಾಲುದಾರ ಎಂದಮೇಲೆ ಅದು ಬೇರೆ ಯಾರದೋ ಕಥೆ.

ಹೀಗೆ ಲಾಂಡ್ರಿಯ ಕೇಸು ಸ್ಕೂಲಿನ ಮೂರು ಕೋರ್ಸುಗಳಿಗೆ ಪಾಠವಾಯಿತು. ಎರಡು ವರ್ಷದ ಕೋರ್ಸಿನ ಹುಡುಗ ಹುಡುಗಿಯರು ಪಾಲುದಾರನನ್ನು ಊಟಕ್ಕೆ ಮೊದಲೇ ಮನೆಗೆ ಕಳಿಸಿಬಿಡುವರು. ಕಂಪನಿಯ ಅಧಿಕಾರಿಗಳು ಅವನಿಗೆ ಒಂದು ಹುದ್ದೆಯ ಹೆಸರು ಕೊಡಿ, ಕೆಲಸ ಕೊಡಬೇಡಿ ಎನ್ನುವರು. ಸಂಜೆಯ ಕೋರ್ಸಿನವರು ಅರ್ಧ ನಿದ್ದೆಯಲ್ಲಿ ಕೂತಿದ್ದು, ಕೈ ಎತ್ತುವ ಹೊತ್ತಿಗೆ ಎಚ್ಚರವಾಗಿ, ಕೌಂಟರು ಮುಚ್ಚುವ ಕಡೆಗೇ ಕೈ ಎತ್ತುವರು. ಆಗ ಮೇಷ್ಟ್ರು, "ಆ ನಿರ್ಧಾರ ಮಾಡಿದವರು ಇಲ್ಲೇ ಇದ್ದಾರೆ" ಎನ್ನುವರು. ಎಲ್ಲರೂ ಹಿಂದೆ ತಿರುಗುವರು. ಅಕ್ಕ ಮೆಟ್ಟಿಲು ಇಳಿದು ಮುಂದೆ ಬಂದು, ಬಾಯಿಪಾಠವಾದ ಮಾತನ್ನು ಹೇಳುವಳು. ಕಷ್ಟವಾಯಿತು, ಆದರೆ ಹತ್ತು ಮನೆಯ ಒಲೆ ಉರಿಯಬೇಕಿತ್ತು, ಪಾಲುದಾರರು ಅರ್ಥ ಮಾಡಿಕೊಂಡರು. ಚಪ್ಪಾಳೆ. ಟೀ. ವ್ಯಾನು.

ಮನೆಯಲ್ಲಿ ಅಣ್ಣ ಕೇಳುವನು, "ಏನು ಮಾತಾಡಿದೆ ಇವತ್ತು?"

"ಅದೇ, ಅಪ್ಪ ಲಾಂಡ್ರಿ ಹೇಗೆ ಶುರು ಮಾಡಿದ ಅಂತ."

"ಸೈಕಲ್ ವಿಷಯ ಹೇಳಿದೆಯಾ?"

"ಹೇಳಿದೆ."

ಅಣ್ಣನಿಗೆ ಅಷ್ಟೇ ಸಾಕು. ಅಪ್ಪನ ಸೈಕಲ್ಲು ಅಷ್ಟು ದೊಡ್ಡ ಸ್ಕೂಲಿನ ಒಳಗೆ ಹೋಗಿಬರುತ್ತಿದೆ ಎಂದು ಅವನಿಗೆ ಖುಷಿ. ವರ್ಷ ಕಳೆದಂತೆ ಅಕ್ಕನಿಗೆ ಆ ಮೆಟ್ಟಿಲು ಇಳಿಯುವುದು ಭಾರವಾಗುತ್ತಾ ಬಂತು. ಮಂಡಿ ನೋವು ಎಂದು ಹೇಳಿಕೊಂಡಳು. ಮಂಡಿಯೂ ನೋಯುತ್ತಿತ್ತು.

ಮೇಷ್ಟ್ರು ನಿವೃತ್ತರಾಗುವ ವರ್ಷ ಲಾಂಡ್ರಿಗೆ ಫೋನು ಮಾಡಿದರು. ಅಕ್ಕ ಸೋಪಿನ ಕೈಯಲ್ಲಿದ್ದಳು. ಫೋನು ಎತ್ತಿದ್ದು ಅಣ್ಣ.

"ನನ್ನ ಕೊನೆಯ ಕ್ಲಾಸು, ಸಂಜೆಯವರದ್ದು. ಈ ಸಲ ನೀವೂ ಬನ್ನಿ. ಸ್ಕೂಲಿನ ಚರಿತ್ರೆ ಅಂದ್ರೆ ನಿಮ್ಮ ಮನೆಯದೂ ಹೌದಲ್ಲ?" ಎಂದರಂತೆ. ಅಣ್ಣನಿಗೆ ಎಲ್ಲವೂ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ಅಕ್ಕ ಹಾಗಲ್ಲ ಎಂದು ಎಂದೂ ಹೇಳಿರಲಿಲ್ಲ.

ಅಣ್ಣ ಫೋನಿಟ್ಟು ಬಂದು, "ನನ್ನನ್ನೂ ಕರೆದಿದ್ದಾರೆ ಕಣೇ" ಎಂದ. ಅವನ ಮುಖ ನೋಡಿ ಅಕ್ಕ ತಲೆ ತಗ್ಗಿಸಿ ಸೋಪು ತೊಳೆದುಕೊಂಡಳು.

"ನೀನ್ಯಾಕಣ್ಣ, ಬೇಜಾರಾಗುತ್ತೆ ನಿಂಗೆ. ಸುಮ್ನೆ ಕೂತಿರಬೇಕು."

"ಇಲ್ಲಿ ನಿಂತಿರ್ತೀನಿ, ಅಲ್ಲಿ ಕೂತಿರ್ತೀನಿ. ಒಳ್ಳೇದೇ ಆಯ್ತಲ್ಲ."

ಅವಳು ಸ್ಕೂಲಿನ ಆಫೀಸಿಗೆ ಫೋನು ಮಾಡಿ, ಆ ದಿನ ಬೇರೆ ಕೇಸು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಮೇಷ್ಟ್ರು ಮೀಟಿಂಗಿನಲ್ಲಿದ್ದಾರೆ, ಪೇಪರು ಆಗಲೇ ಹಂಚಿಯಾಗಿದೆ ಎಂದು ಆಫೀಸಿನವರು ಹೇಳಿದರು. ಹಾಗಾದರೆ ತಾನೇ ಅಣ್ಣನಿಗೆ ಮೊದಲೇ ಹೇಳಿಬಿಡಬೇಕು ಎಂದುಕೊಂಡಳು. ಆ ಮಧ್ಯಾಹ್ನ ಅಣ್ಣ ತನ್ನ ಶರಟನ್ನು ತಾನೇ ಇಸ್ತ್ರಿ ಮಾಡುತ್ತಿದ್ದ. ಕಾಲರಿನ ಮೂಲೆಯನ್ನು ಬೆರಳಿನಲ್ಲಿ ಹಿಡಿದು, ಕೌಂಟರಿನ ದಿನಗಳಲ್ಲಿ ಮಾಡುತ್ತಿದ್ದಂತೆ ನಿಧಾನವಾಗಿ.

"ಅಣ್ಣಾ, ಅಲ್ಲಿ ಒಂದು ವಿಷಯ..."

"ಏನು?"

"ಎಸಿ ಜಾಸ್ತಿ ಇರುತ್ತೆ. ಸ್ವೆಟರ್ ತಗೋ."

ಅಷ್ಟೇ ಆಯಿತು ಅವಳ ಕೈಯಲ್ಲಿ.

ತರಗತಿ ಕುದುರೆ ಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿತ್ತು. ಪ್ರತಿಯೊಬ್ಬರ ಮುಂದೆ ಅವರ ಹೆಸರಿನ ಫಲಕ. ಅಣ್ಣ ತಂಗಿ ಮೇಲಿನ ಕೊನೆಯ ಸಾಲಿನಲ್ಲಿ ಕೂತರು. ಅಣ್ಣ ಸುತ್ತ ನೋಡಿ, "ಪರದೆ ನಮ್ಮದೇ" ಎಂದು ಕಣ್ಣಿನಲ್ಲೇ ತೋರಿಸಿದ. ಸಂಜೆಯ ವಿದ್ಯಾರ್ಥಿಗಳು ಕೆಲಸದಿಂದ ನೇರ ಬಂದಿದ್ದರು. ಒಬ್ಬನ ಟೈ ಸಡಿಲವಾಗಿತ್ತು. ಅವನು ವಿಮಾ ಕಂಪನಿಯವನು. ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದ ಹೆಂಗಸು ಮೇಜಿನ ಕೆಳಗೆ ಶೂ ಬಿಚ್ಚಿ ಕಾಲು ಚಾಚಿದ್ದಳು.

ಮೇಷ್ಟ್ರು ಶುರು ಮಾಡಿದರು. "ಒಂದು ಲಾಂಡ್ರಿ. ಒಬ್ಬ ಯಜಮಾನತಿ. ತಂದೆಯ ಕಾಲದ ಹಳೆಯ ಪಾಲುದಾರ. ಸೋಮವಾರದೊಳಗೆ ಉತ್ತರ ಕೊಡಬೇಕು. ಸಮಸ್ಯೆ ಏನು?"

"ಪಾಲುದಾರನೇ ಸಮಸ್ಯೆ" ಎಂದ ವಿಮಾ ಕಂಪನಿಯವನು.

ಅಣ್ಣ ತಂಗಿಯ ಕಿವಿಯ ಹತ್ತಿರ ಬಗ್ಗಿದ. "ಅಪ್ಪನಿಗೆ ಪಾಲುದಾರ ಇದ್ನಾ?"

"ಸುಮ್ನಿರು."

"ನಂಗ್ಯಾಕೆ ಗೊತ್ತಿಲ್ಲ? ನಾನು ಹುಟ್ಟೋಕೆ ಮುಂಚೆನಾ?"

"ಆಮೇಲೆ ಹೇಳ್ತೀನಿ. ಸುಮ್ನಿರಣ್ಣ."

ಕೆಳಗೆ ಮಾತು ಬೆಳೆಯುತ್ತಿತ್ತು. "ಒಂದು ಶರಟು ತಂದವರ ಜೊತೆ ಅರ್ಧ ಗಂಟೆ ಮಾತಾಡ್ತಾನೆ ಅಂತ ಬರೆದಿದೆ. ಲಾಂಡ್ರಿನಾ ಅದು, ಹರಟೆ ಕಟ್ಟೆನಾ?" ಎಂದ ಒಬ್ಬ. ನಗು ಬಂತು. ಅಣ್ಣನೂ ನಕ್ಕ. "ಆಸಾಮಿ ಚೆನ್ನಾಗಿದ್ದಾನೆ ಕಣೇ" ಎಂದ.

ಅಕ್ಕ ಮುಂದಿನ ಮೇಜಿನ ಅಂಚನ್ನು ಹಿಡಿದುಕೊಂಡಳು. ಈಗ ಎದ್ದು ಇವನನ್ನು ಹೊರಗೆ ಕರೆದುಕೊಂಡು ಹೋಗಬೇಕು ಎಂದು ಅವಳಿಗೆ ಅನ್ನಿಸಿತು. ಆದರೆ ಅಂಚು ಬಿಡಲಿಲ್ಲ.

"ಅದೂ ಅಲ್ದೆ, ಗುಂಡಿ ಬಿದ್ದಿದ್ರೆ ಪುಕ್ಕಟೆ ಹೊಲಿದು ಕೊಡ್ತಾನಂತೆ" ಎಂದಳು ಇನ್ನೊಬ್ಬಳು, ಪೇಪರಿನ ಮೇಲೆ ಬೆರಳಿಟ್ಟು. "ಇಂಥವರನ್ನ ಇಟ್ಕೊಂಡು ವ್ಯಾಪಾರ ಹೇಗೆ ಮಾಡೋದು ಸಾರ್?"

ಅಣ್ಣನ ತುಟಿಯ ಮೇಲೆ ನಗು ಹಾಗೇ ಇತ್ತು, ಅದನ್ನು ತೆಗೆಯಲು ಮರೆತವನಂತೆ. ಅವನು ಮತ್ತೆ ಕಿವಿಯ ಹತ್ತಿರ ಬಗ್ಗಲಿಲ್ಲ. ಪಾಲುದಾರ ಯಾರು ಎಂದು ಮತ್ತೆ ಕೇಳಲಿಲ್ಲ. ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಕೆಳಗೆ ನೋಡುತ್ತಾ ಕೂತ. ಅಕ್ಕ ಅವನ ಕಡೆ ತಿರುಗಲಿಲ್ಲ. ದೇವರೇ, ಇದೊಂದು ಗಂಟೆ ಬೇಗ ಮುಗಿಸು ಎಂದು ಬೇಡಿಕೊಂಡಳು. ಗಂಟೆ ಅದರ ಪಾಡಿಗೆ ನಡೆಯಿತು.

ಕೈ ಎತ್ತುವ ಹೊತ್ತು ಬಂತು. ಕೌಂಟರು ಮುಚ್ಚಬೇಕು ಎನ್ನುವವರು? ಸಾಲು ಸಾಲಾಗಿ ಕೈ ಎದ್ದವು. ಬೇಡ ಎನ್ನುವವರು? ಅಲ್ಲೊಂದು ಇಲ್ಲೊಂದು. ಆಸ್ಪತ್ರೆಯ ಹೆಂಗಸು ಎರಡರಲ್ಲೂ ಕೈ ಎತ್ತಲಿಲ್ಲ.

"ಆ ಮನುಷ್ಯನನ್ನ ಯಾರಾದ್ರೂ ಕೇಳಿದ್ರಾ ಸಾರ್? ಎಲ್ಲರ ಮಾತೂ ಇದೆ ಇದರಲ್ಲಿ, ಅವರ ಮಾತು ಒಂದೂ ಇಲ್ಲ" ಎಂದಳು.

"ಸರಿಯಾದ ಪ್ರಶ್ನೆ" ಎಂದರು ಮೇಷ್ಟ್ರು. "ಆದರೆ ನಿರ್ಧಾರ ಮಾಡಬೇಕಾದಾಗ ಎಲ್ಲ ಮಾಹಿತಿ ಇರೋದಿಲ್ಲ. ನಮ್ಮ ಹತ್ರ ಇರೋದು ಇಷ್ಟೇ."

ಎರಡನೆಯ ಭಾಗದ ಹಾಳೆ ಕೈಯಿಂದ ಕೈಗೆ ದಾಟುತ್ತಾ ಮೇಲಿನ ಸಾಲಿಗೂ ಬಂತು. ಅಣ್ಣ ಒಂದು ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಯಜಮಾನತಿ ಕೌಂಟರನ್ನು ಮುಚ್ಚಿ ಯಂತ್ರವನ್ನು ಹಾಕಿಸಿದರು. ಹಳೆಯ ಪಾಲುದಾರರು ಹಿಂಬದಿಯ ಹೊಸ ಹೊಣೆಯನ್ನು ಸಂತೋಷದಿಂದ ಒಪ್ಪಿಕೊಂಡರು. ಅವನು ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ಜೇಬಿನಲ್ಲಿಟ್ಟ.

"ಆ ನಿರ್ಧಾರ ಮಾಡಿದವರು ಇಲ್ಲೇ ಇದ್ದಾರೆ" ಎಂದರು ಮೇಷ್ಟ್ರು. ಎಲ್ಲರೂ ತಿರುಗಿದರು.

ಅಕ್ಕ ಮೆಟ್ಟಿಲು ಇಳಿದಳು. ಬಾಯಿಪಾಠದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಷ್ಟವಾಯಿತು ಎಂದಳು. ಹತ್ತು ಮನೆಯ ಒಲೆ ಎಂದಳು. ಪಾಲುದಾರರು ಎನ್ನುವಲ್ಲಿ ನಿಂತಳು. ಮೇಲೆ ಕೊನೆಯ ಸಾಲಿನಲ್ಲಿ ಅಣ್ಣ ಅವಳನ್ನೇ ನೋಡುತ್ತಿದ್ದ. ಸಿಟ್ಟಿನಿಂದ ಏನಲ್ಲ. ಮುಂದೆ ಏನು ಹೇಳುತ್ತಾಳೆ ಎಂದು ಕಾಯುತ್ತಿದ್ದ, ಅಷ್ಟೇ. ಆ ಕಣ್ಣಿನ ಮುಂದೆ ಆ ಮಾತು ಆಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಪಾಲುದಾರ ಯಾರೂ ಇರಲಿಲ್ಲ" ಎಂದಳು. "ಅವನು ನಮ್ಮಣ್ಣ. ಅಲ್ಲಿ ಕೂತಿದ್ದಾನೆ."

ತರಗತಿ ಮತ್ತೊಮ್ಮೆ ತಿರುಗಿತು. ವಿಮಾ ಕಂಪನಿಯವನು ಟೈ ಸರಿಮಾಡಿಕೊಂಡ. ಮೇಷ್ಟ್ರು ಸೀಮೆಸುಣ್ಣವನ್ನು ಕೆಳಗಿಟ್ಟು ಅಕ್ಕನ ಮುಖ ನೋಡಿದರು. ಅಣ್ಣನಿಗೆ ಇದೆಲ್ಲ ಹೊಸದು ಎಂದು ಆಗ ಅವರಿಗೆ ಹೊಳೆಯಿತು. ಅಷ್ಟರಲ್ಲಿ ಅಣ್ಣನೇ ಎದ್ದು ನಿಂತ.

"ಮೇಷ್ಟ್ರೇ, ಈ ಕೈ ಎತ್ತೋದು ಪ್ರತಿ ವರ್ಷ ನಡೆಯುತ್ತಾ?"

"ಹೌದು. ಮೂರು ಕ್ಲಾಸಿನಲ್ಲೂ."

"ಇಷ್ಟು ವರ್ಷದಿಂದ ಚುನಾವಣೆಗೆ ನಿಂತಿದ್ದೀನಿ, ನಂಗೇ ಗೊತ್ತಿಲ್ಲ" ಎಂದ ಅಣ್ಣ. "ಒಂದು ಸಲವಾದ್ರೂ ಗೆದ್ದಿದ್ದೀನಾ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಯೋಚಿಸಿ, "ಇಲ್ಲ. ಒಂದು ಸಲ ಹತ್ತಿರ ಬಂದಿದ್ರಿ. ಕಂಪನಿ ಅಧಿಕಾರಿಗಳ ಕ್ಲಾಸು. ಆ ಸಲ ಬಂದವರಿಗೆಲ್ಲ ನಿವೃತ್ತಿ ಹತ್ತಿರ ಇತ್ತು" ಎಂದರು.

ನಗು ಎದ್ದು ಬೇಗ ಇಳಿಯಿತು. ಆಸ್ಪತ್ರೆಯ ಹೆಂಗಸು ಕೇಳಿದಳು, "ನಿಮಗೆ ಸಿಟ್ಟು ಬರಲಿಲ್ಲವಾ?"

"ಬಂತು. ಆಮೇಲೆ ಬೆಡ್‌ಶೀಟು ಬಂತು. ಅದು ಬರ್ತಾನೇ ಇತ್ತು."

ಅವನು ಕೂತ. ಆ ದಿನ ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರ ಕೊನೆಯ ಕ್ಲಾಸು ಹೀಗೆ ಮುಗಿಯಿತು. ಬಾಗಿಲಲ್ಲಿ ಅವರು ಅಣ್ಣನ ಕೈ ಹಿಡಿದುಕೊಂಡು, "ನಾನು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು" ಎಂದರು. ಅಣ್ಣ, "ಬಿಡಿ, ಬಾಯ್ಲರಿನ ಶಬ್ದಕ್ಕೆ ಕೇಳಿಸ್ತಿರಲಿಲ್ಲ" ಎಂದ.

ವ್ಯಾನು ಓಡಿಸುವುದು ಅಕ್ಕನ ಗಂಡ. ಅವನಿಗೆ ಮಾತು ಕಡಿಮೆ. ಮೂವರೂ ಮುಂದಿನ ಸೀಟಿನಲ್ಲಿ ಕೂತರು, ಹಿಂದೆ ಅತಿಥಿಗೃಹದ ಟವೆಲ್ಲುಗಳ ಮೂಟೆ. ಸಿಗ್ನಲ್ಲಿನಲ್ಲಿ ನಿಂತಾಗ ಅಣ್ಣ ಮುಂದೆ ನೋಡುತ್ತಲೇ ಹೇಳಿದ, "ಒಂದು ಮಾತು ಕೇಳಬಹುದಿತ್ತು ನೀನು. ಅವತ್ತೇ."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಸಿಗ್ನಲ್ಲು ಬಿಟ್ಟಿತು. ಅಕ್ಕನ ಗಂಡ ಗೇರು ಬದಲಾಯಿಸಿದ.

ಅತ್ತಿಗೆ ಬಾಗಿಲಲ್ಲೇ ಇದ್ದಳು. "ಏನು ಗುರುಗಳು, ಪಾಠ ಮಾಡಿ ಬಂದ್ರಾ?"

"ಮಾಡಲಿಲ್ಲ. ನನ್ನನ್ನೇ ಪಾಠ ಮಾಡಿದ್ದಾರೆ" ಎಂದು ಅಣ್ಣ ಒಳಗೆ ಹೋದ.

ಆಮೇಲಿನ ದಿನಗಳು ಅಕ್ಕನಿಗೆ ಕಷ್ಟವಾದವು. ಅಣ್ಣ ಕೆಲಸಕ್ಕೆ ತಪ್ಪಿಸಿಕೊಳ್ಳಲಿಲ್ಲ. ಶೀಟು ಮಡಚುತ್ತಿದ್ದ, ಟವೆಲ್ಲು ಎಣಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಆದರೆ ತಾನಾಗಿ ಏನೂ ಹೇಳುತ್ತಿರಲಿಲ್ಲ. ಎದುರು ಮನೆಯವರ ಮಗಳ ಕೆಲಸದ ಸುದ್ದಿಯಿಲ್ಲ, ಹಾಲಿನವನ ಸೊಂಟ ನೋವಿನ ಸುದ್ದಿಯಿಲ್ಲ. ಮೊದಲು ಆ ಹರಟೆ ಕೇಳಿ ಕೇಳಿ ತಲೆ ಸಿಡಿಯುತ್ತದೆ ಎನ್ನುತ್ತಿದ್ದವಳು ಈಗ ಬಾಯ್ಲರಿನ ಶಬ್ದ ಒಂದನ್ನೇ ಕೇಳುತ್ತಾ ದಿನ ದೂಡಿದಳು. ಜಗಳವನ್ನಾದರೂ ಆಡಲಿ ಎಂದು ಒಂದೆರಡು ಸಲ ತಾನೇ ಕೆಣಕಿ ನೋಡಿದಳು. ಅಣ್ಣ, "ಆಯ್ತು" ಎಂದ. ಆ "ಆಯ್ತು" ಅವಳಿಗೆ ಬೈಗುಳಕ್ಕಿಂತ ಭಾರವಾಯಿತು. ರಾತ್ರಿ ಮಲಗುವ ಮುನ್ನ ಪ್ರಾರ್ಥನೆಗೆ ಕೂತರೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ, ಸುಮ್ಮನೆ ಕೈಮುಗಿದು ಏಳುತ್ತಿದ್ದಳು.

ಪರದೆಗಳೆಲ್ಲ ಒಗೆಯಲು ಬಂದಿದ್ದ ಒಂದು ದಿನ ಹೊಸ ಮೇಡಂ ಬಂದರು. ಹಳೆಯ ಮೇಷ್ಟ್ರ ಜಾಗಕ್ಕೆ ಬಂದವರು, ಅವರ ಶಿಷ್ಯೆಯೇ. ಸ್ಕೂಲಿನಲ್ಲಿ ಕೋರ್ಸುಗಳನ್ನೆಲ್ಲ ಮತ್ತೆ ಕೂಡಿಸಿ ಕಳೆದು ಮಾಡುತ್ತಿದ್ದಾರೆ, ಹಳೆಯ ಕೇಸುಗಳಲ್ಲಿ ಕೆಲವನ್ನು ಬಿಡುತ್ತಿದ್ದಾರೆ. ಇದನ್ನು ಇಟ್ಟುಕೊಳ್ಳಬೇಕೆಂದು ಅವರ ಆಸೆ. ಆದರೆ ನಡೆದದ್ದು ಕೇಳಿದ್ದರಿಂದ, ಒಪ್ಪಿಗೆಯಿಲ್ಲದೆ ಕಲಿಸುವುದಿಲ್ಲ ಎಂದರು.

ಅಕ್ಕ ಒದ್ದೆ ಕೈಯಿಂದಲೇ ಹಿಂದಕ್ಕೆ ತೋರಿಸಿದಳು. "ನನ್ನನ್ನ ಕೇಳಬೇಡಿ. ಅವನನ್ನ ಕೇಳಿ. ಅವನು ಬೇಡ ಅಂದ್ರೆ ಬೇಡ."

ಮೇಡಂ ಹೋಗಿ ಮಡಚುವ ಮೇಜಿನ ಪಕ್ಕದಲ್ಲಿ ನಿಂತರು. ಅಣ್ಣ ಒಂದು ಮೂಟೆ ಸರಿಸಿ, ಕೂತುಕೊಳ್ಳಿ ಎಂದ. ಅಕ್ಕ ರೋಲರಿನ ಈಚೆ ಬದಿಯಲ್ಲಿ ಪರದೆ ಒಳಗೆ ಬಿಡುತ್ತಾ ನಿಂತಳು. ಯಂತ್ರದ ಶಬ್ದದಲ್ಲಿ ಮೊದಲು ಏನೂ ಕೇಳಿಸಲಿಲ್ಲ. ಅವಳು ಯಂತ್ರ ನಿಲ್ಲಿಸಿದಳು.

ಅಣ್ಣ ಮೇಡಮ್ಮಿನ ಊರು ಕೇಳುತ್ತಿದ್ದ. ತಾಯಿಗೆ ಕಣ್ಣಿನ ಆಪರೇಷನ್ ಎಲ್ಲಿ ಮಾಡಿಸಿದಿರಿ, ಡ್ರಾಪ್ಸ್ ಸರಿಯಾಗಿ ಹಾಕ್ತಾರಾ ಎಂದು ಕೇಳುತ್ತಿದ್ದ. ಮೇಡಂ ಬಂದ ಕೆಲಸ ಮರೆತು ತಾಯಿಯ ಹಟದ ಬಗ್ಗೆ ಹೇಳುತ್ತಾ ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಪೇಪರು ಹೊರಗೆ ಬಂತು.

"ಇಟ್ಕೊಳ್ಳಿ, ಅದಕ್ಕೇನು" ಎಂದ ಅಣ್ಣ. "ಆದರೆ ಪಾಲುದಾರ ಅಂತ ಬೇಡ. ಅಣ್ಣ ಅಂತಲೇ ಬರೀರಿ. ಇಲ್ಲದವನನ್ನ ಎಲ್ಲಿಂದ ತರೋದು?"

"ಸರಿ."

"ಕೊನೇ ಹಾಳೇಲಿ, ಸಂತೋಷದಿಂದ ಅಂತ ಇದೆ. ಅದನ್ನ ತೆಗೀರಿ."

"ಅದರ ಬದಲು ಏನು ಬರೀಲಿ?"

ಅಣ್ಣ ಒಂದು ಶೀಟನ್ನು ಮಡಚಿ ಗುಡ್ಡೆಯ ಮೇಲಿಟ್ಟ. "ಏನೂ ಬೇಡ. ಒಪ್ಪಿಕೊಂಡ ಅಂತ ಇರಲಿ. ಅಷ್ಟು ನಿಜ. ಈಗ ನಿಜ."

ಅಕ್ಕ ಯಂತ್ರ ಶುರು ಮಾಡಲು ಕೈ ಚಾಚಿದವಳು ಹಾಗೇ ನಿಂತಳು. ಮೇಡಂ ಹೊರಡುವಾಗ ಕೇಳಿದರು, "ಮುಂದಿನ ಕ್ಲಾಸಿಗೆ ನೀವಿಬ್ಬರೂ ಬರ್ತೀರಲ್ಲ?"

"ನಾನು ಬರ್ತೀನಿ" ಎಂದ ಅಣ್ಣ. "ಅವಳು ಬೇಡ. ಅವಳಿಗೆ ಸುಸ್ತಾಗಿದೆ."

ಆ ಕ್ಲಾಸಿನ ದಿನ ಅಣ್ಣ ತಂಗಿಯ ಗಂಡನ ವ್ಯಾನಿನಲ್ಲಿ ಒಬ್ಬನೇ ಹೋದ. ಅಕ್ಕ ಮಡಚುವ ಮೇಜಿನ ಕೆಲಸ ಮಾಡಲು ಹೋಗಿ, ಬಿಸಿ ಆರದ ಟವೆಲ್ಲಿನ ಮೂಟೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂರೋಣ ಎಂದುಕೊಂಡಳು. ಅಲ್ಲೇ ನಿದ್ದೆ ಹತ್ತಿತು. ಹಗಲಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ಕೆಲಸದ ಹೆಂಗಸರು ನೋಡಿದ್ದೇ ಇಲ್ಲ. ಅವರು ರೋಲರು ನಿಲ್ಲಿಸಿ, ಮೆಲ್ಲಗೆ ಮಾತಾಡಿಕೊಂಡು ಬೇರೆ ಕೆಲಸ ನೋಡಿಕೊಂಡರು.

ಅವಳು ಕಣ್ಣು ಬಿಟ್ಟಾಗ ಅಣ್ಣ ಎದುರಿಗೆ ಸ್ವೆಟರು ಬಿಚ್ಚುತ್ತಿದ್ದ.

"ಏನಾಯ್ತು?" ಎಂದಳು.

"ಸೋತೆ" ಎಂದ ಅಣ್ಣ. "ಅಣ್ಣ ಅಂತ ಗೊತ್ತಾದ್ರೂ ಸೋಲಿಸಿದ್ರು. ಒಬ್ಬ ಹುಡುಗಿ ಮಾತ್ರ ಅತ್ತಳು. ಅವಳಿಗೂ ಒಬ್ಬ ಅಣ್ಣ ಇದ್ದಾನಂತೆ, ಬೇಕರಿ ಇಟ್ಟಿದ್ದಾನೆ, ಅವನಿಗೆ ಮದುವೆ ಬೇಡವಂತೆ, ಅವರಪ್ಪ..."

ಅಕ್ಕ ಏಳಲು ಹೋದಳು. ಅವನು ಕೈಯಿಂದ ತಡೆದು, ಮೇಜಿನ ಮೇಲಿನ ಶೀಟನ್ನು ತನ್ನ ಕಡೆಗೆ ಎಳೆದುಕೊಂಡ.

"ಮಲಗಿರು, ಮಲಗಿದ್ದೇ ಕೇಳು. ಅವರಪ್ಪನಿಗೆ ಮೊದಲಿಂದಲೂ ಈ ಬೇಕರಿ ಇಷ್ಟ ಇಲ್ಲ..."